ಕ್ಯಾಬಿನ್ನಿನ ನೆಲದ ಕೆಳಗೆ

ರೈಲ್ವೆಯ ಹಳೇ ಕೈಮರಗಳ, ಅಂದರೆ ಕಂಬದ ಮೇಲೆ ಕೈ ಇರುವ ಸಿಗ್ನಲ್‌ಗಳ, ಫೋಟೋ ತೆಗೆಯುವವರು ಬೇಕಾದಷ್ಟು ಜನ ಸಿಗುತ್ತಾರೆ. ಆ ಕೈ ಇಳಿಸುವ ತಂತಿ ಎಲ್ಲಿಂದ ಬರುತ್ತದೆ ಅಂತ ಹುಡುಕಿಕೊಂಡು ಹೋಗುವವರು ಕಡಿಮೆ. ಒಂದು ಜಂಕ್ಷನ್ನಿನ ಸಿಗ್ನಲ್ ಕ್ಯಾಬಿನ್ ಒಳಗೆ ಹೋಗಲು ಅನುಮತಿ ಸಿಕ್ಕ ದಿನ ನಾನು ಅದನ್ನೇ ಮಾಡಿದೆ. ಆ ಜಂಕ್ಷನ್ನಿಗೆ ಎಲೆಕ್ಟ್ರಾನಿಕ್ ಇಂಟರ್‌ಲಾಕಿಂಗ್, ಅಂದರೆ ಈ ಲಿವರ್‌ಗಳ ಕೆಲಸವನ್ನು ಕಂಪ್ಯೂಟರಿನಿಂದ ಮಾಡಿಸುವ ವ್ಯವಸ್ಥೆ, ಬರುವುದರಲ್ಲಿತ್ತು. ಅಷ್ಟರೊಳಗೆ ಯಾರ್ಡಿನ ನಕ್ಷೆಯನ್ನು ಕೈಯಾರೆ ಬರೆದಿಟ್ಟುಕೊಳ್ಳಬೇಕು ಅಂತ ನನ್ನ ಆಸೆ.

ಮೇನ್ ಲೈನಿನಿಂದ ಬ್ರಾಂಚ್ ಲೈನ್ ಕವಲೊಡೆಯುವ ಕಡೆ ಅಕ್ಕಪಕ್ಕ ಎರಡು ಕೈಗಳಿದ್ದವು. ಎತ್ತರದ್ದು ಮೇನ್ ಲೈನಿಗೆ, ತಗ್ಗಿನದು ಬ್ರಾಂಚಿಗೆ. ಕೈ ಅಡ್ಡಕ್ಕಿದ್ದರೆ ನಿಲ್ಲಬೇಕು, ಕೆಳಗೆ ಬಿದ್ದಿದ್ದರೆ ಹೋಗಬಹುದು. ಯಾವ ಕೈ ಬಿದ್ದಿದೆ ಅಂತ ನೋಡಿದರೆ ಸಾಕು, ಗಾಡಿ ಯಾವ ಕಡೆ ತಿರುಗುತ್ತದೆ ಅಂತ ಡ್ರೈವರಿಗೆ ಗೊತ್ತಾಗುತ್ತದೆ. ಗಾಡಿಗಳನ್ನು ಪಕ್ಕಕ್ಕೆ ನಿಲ್ಲಿಸುವ ಲೂಪ್ ಲೈನಿನ ತುದಿಯಲ್ಲಿ ಮರಳು ತುಂಬಿದ ಒಂದು ಮೊಂಡು ಹಳಿ. ನಿಲ್ಲಬೇಕಾದ ಗಾಡಿ ನಿಲ್ಲದೆ ಮುಂದೆ ಬಂದರೆ ಮೇನ್ ಲೈನಿಗೆ ನುಗ್ಗದೆ ಆ ಮರಳಿನಲ್ಲಿ ಹೂತುಕೊಳ್ಳಲಿ ಅಂತ.

ಮೇಲೆ ಕ್ಯಾಬಿನ್ನಿನಲ್ಲಿ ಲಿವರ್‌ಗಳ ಸಾಲು. ಕೆಂಪು ಸಿಗ್ನಲ್ಲಿಗೆ, ಕಪ್ಪು ಪಾಯಿಂಟಿಗೆ (ಗಾಡಿಯನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಜಾಗಕ್ಕೆ), ನೀಲಿ ಪಾಯಿಂಟಿನ ಲಾಕಿಗೆ. ಕ್ಯಾಬಿನ್‌ಮನ್ ಲಿವರ್ ಮುಟ್ಟುವ ಮುಂಚೆ ಅಂಗೈಗೆ ಒಂದು ಬಟ್ಟೆ ಸುತ್ತಿಕೊಂಡರು. ಬೆವರು ತಾಗಿದರೆ ಹಿಡಿ ತುಕ್ಕು ಹಿಡಿಯುತ್ತದಂತೆ. ಮೊದಲು ಬೇಕೆಂತಲೇ ಕೆಂಪು ಲಿವರನ್ನು ಎಳೆದು ತೋರಿಸಿದರು. ಅದು ಅಲ್ಲಾಡಲಿಲ್ಲ.

"ಪಾಯಿಂಟ್ ಹಾಕ್ಬೇಕು, ಲಾಕ್ ಮಾಡ್ಬೇಕು, ಆಮೇಲೇ ಸಿಗ್ನಲ್ಲು. ನಾನೂ ಉಲ್ಟಾ ಮಾಡೋಕಾಗಲ್ಲ, ನಮ್ಮ ಸಾಹೇಬ್ರೂ ಮಾಡೋಕಾಗಲ್ಲ," ಅಂದರು.

ಹಾಗೆ ತಡೆಯುವುದು ಏನು ಅಂತ ನೋಡಲು ಕೆಳಗಿಳಿದೆವು. ನನಗೆ ಇಡೀ ದಿನದಲ್ಲಿ ಜಾಸ್ತಿ ಹಿಡಿಸಿದ್ದು ಇದೇ. ಪ್ರತಿ ಲಿವರಿಗೂ ಜೋಡಿಸಿದ ಒಂದು ಉಕ್ಕಿನ ಪಟ್ಟಿ. ಪಟ್ಟಿಯ ಅಂಚಿನಲ್ಲಿ ಓರೆಯಾಗಿ ಕೊರೆದ ಕಚ್ಚುಗಳು. ಮೇಲೆ ಲಿವರ್ ಎಳೆದಾಗ ಪಟ್ಟಿ ಸರಿಯಿತು, ಕಚ್ಚಿನಲ್ಲಿದ್ದ ತುಂಡು ಪಕ್ಕಕ್ಕೆ ಜಾರಿ ಇನ್ನೊಂದು ಪಟ್ಟಿಯ ಕಚ್ಚಿನಲ್ಲಿ ಕೂತಿತು. ಆ ಇನ್ನೊಂದು ಲಿವರ್ ಅಲ್ಲಿಗೆ ಬಂದ್. ಅಷ್ಟೇ! ಕರೆಂಟ್ ಇಲ್ಲ, ವೈರಿಂಗ್ ಇಲ್ಲ. ಹೊರಗೆ ನಾನು ಬರೆದುಕೊಂಡ ಹಳಿಗಳ ನಕ್ಷೆಯೇ ಇಲ್ಲಿ ಉಕ್ಕಿನಲ್ಲಿ ಕೊರೆದು ಕೂತಿತ್ತು. ಯಾವ ಎರಡು ದಾರಿ ಒಂದಕ್ಕೊಂದು ಅಡ್ಡ ಬರುತ್ತವೋ ಅವುಗಳ ಸಿಗ್ನಲ್ ಒಟ್ಟಿಗೆ ಬೀಳುವಂತೆಯೇ ಇಲ್ಲ. ಇಂಗ್ಲೆಂಡಿನ ಜಾನ್ ಸ್ಯಾಕ್ಸ್‌ಬಿ ಪಾಯಿಂಟು, ಸಿಗ್ನಲ್ಲುಗಳನ್ನು ಒಂದಕ್ಕೊಂದು ಬೆಸೆಯುವುದಕ್ಕೆ 1856ರಲ್ಲೇ ಪೇಟೆಂಟ್ ಪಡೆದಿದ್ದ. ಆದರೂ ಬ್ರಿಟನ್ನಿನಲ್ಲಿ ಪ್ರಯಾಣಿಕರ ಲೈನುಗಳಿಗೆ ಇದು ಕಡ್ಡಾಯವಾಗಲು 1889ರಲ್ಲಿ ಐರ್ಲೆಂಡಿನ ಆರ್ಮಾದಲ್ಲಿ ನಡೆದ ರೈಲು ಅಪಘಾತದಂಥ ದುರಂತ ಆಗಬೇಕಾಯಿತು. ಅಷ್ಟು ತಡ ಮಾಡಿದ್ದು ನನಗೆ ಇವತ್ತಿಗೂ ಬೇಸರ.

ಮಧ್ಯಾಹ್ನ ಬಿಸಿಲೇರಿದ ಮೇಲೆ ದೂರದ ಕೈ ಪೂರ್ತಿ ಇಳಿಯದೆ ಅರ್ಧಕ್ಕೇ ನಿಂತಿತು. ತಂತಿ ಹಿಗ್ಗಿತ್ತು. ಒಂದು ಕಿಲೋಮೀಟರ್ ಉಕ್ಕಿನ ತಂತಿ 20 ಡಿಗ್ರಿ ಬಿಸಿಯೇರಿದರೆ ಸುಮಾರು 24 ಸೆಂಟಿಮೀಟರ್ ಉದ್ದವಾಗುತ್ತದೆ. ಕ್ಯಾಬಿನ್‌ಮನ್ ಸಿಗ್ನಲ್ಲಿನ ಕೈಯನ್ನು ವಾಪಸ್ ಅಡ್ಡಕ್ಕೆ ತಂದು, ತಂತಿ ಬಿಗಿ ಮಾಡಿ, ಮತ್ತೆ ಎಳೆದರು. ಈ ಸಲ ಸರಿಯಾಗಿ ಬಿತ್ತು. ತಂತಿ ಹರಿದೇಹೋದರೆ ಏನು ಗತಿ ಅಂತ ಕೇಳಿದೆ. ಹರಿದರೆ ಸಿಗ್ನಲ್ಲಿಗೆ ಕಟ್ಟಿರುವ ಭಾರದ ಎಳೆತಕ್ಕೆ ಕೈ ತಾನಾಗಿ ಅಡ್ಡಕ್ಕೆ ಬರುತ್ತದೆ, ಗಾಡಿ ನಿಲ್ಲುತ್ತದೆ ಅಂದರು.

ಸಾಲಿನಲ್ಲಿ ಕೆಲವು ಬಿಳಿ ಲಿವರ್‌ಗಳೂ ಇದ್ದವು. ಈಗ ಕೆಲಸವಿಲ್ಲದವು. ಕಿತ್ತುಹಾಕಿದ ಸೈಡಿಂಗುಗಳದ್ದು, ಅಂದರೆ ಪಕ್ಕದ ಹಳಿಗಳದ್ದು ಅವು. ಕ್ಯಾಬಿನ್‌ಮನ್‌ರನ್ನು ಕೇಳಿಕೊಂಡು ಆ ಹಳಿಗಳನ್ನೂ ಚುಕ್ಕೆ ಗೆರೆಯಲ್ಲಿ ನಕ್ಷೆಗೆ ಸೇರಿಸಿದೆ.

ಇಂಥ ಕ್ಯಾಬಿನ್ ಮುಚ್ಚಿದಾಗ ಒಂದೆರಡು ಲಿವರ್‌ಗೆ ಬಣ್ಣ ಹೊಡೆದು ಪ್ರದರ್ಶನಕ್ಕಿಟ್ಟರೆ ನನಗೆ ಸಮಾಧಾನ ಆಗಲ್ಲ. ಕೆಳಗಿನ ಕಚ್ಚುಪಟ್ಟಿಗಳೂ, ಯಾರ್ಡಿನ ನಕ್ಷೆಯೂ ಜೊತೆಗಿರಬೇಕು. ಲಿವರ್ ಎಳೆದು ನೋಡುವ ಮಕ್ಕಳಿಗೆ ಅದು ಯಾಕೆ ಅಲ್ಲಾಡಲಿಲ್ಲ ಅಂತ ಗೊತ್ತಾಗಬೇಡ್ವಾ?