ಡಿಸ್ಕ್‌ನಲ್ಲಿ ಜಾಗ ಇತ್ತು, ಆದ್ರೂ ಜಾಗ ಇರಲಿಲ್ಲ

ಸೋಮವಾರ ಬೆಳಿಗ್ಗೆ ಒಂಬತ್ತೂವರೆ. ಇನ್ನೂ ಟೀ ಕುಡಿದಿರಲಿಲ್ಲ. ಹೆಲ್ಪ್‌ಡೆಸ್ಕ್ ಹುಡುಗ ಬಂದು "ಸಾರ್, ಯಾರಿಗೂ ಮೇಲ್ ಬರ್ತಿಲ್ಲ" ಎಂದ. ನಾನಾಗ ಒಂದು ಕಾಲೇಜಿನ ಮೇಲ್ ಸರ್ವರ್ ನೋಡಿಕೊಳ್ಳುತ್ತಿದ್ದೆ. ಎಂಟು ಸಾವಿರ ಮೇಲ್‌ಬಾಕ್ಸ್, 1 ಟಿಬಿ ಜಾಗ.

ಲಾಗ್ ತುಂಬಾ ಒಂದೇ ಸಾಲು: 'ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್'. ಡಿಸ್ಕ್ ಜಾಗ ತೋರಿಸುವ 'ಡಿಎಫ್' ಕಮ್ಯಾಂಡ್ ಹೊಡೆದು ನೋಡಿದರೆ ಶೇ. 40ರಷ್ಟು ಜಾಗ ಹಾಗೇ ಬಿದ್ದಿದೆ! ಅರ್ಧ ಗಂಟೆ ತಲೆ ಕೆಟ್ಟುಹೋಯಿತು. ಕೊನೆಗೆ ಅದೇ ಕಮ್ಯಾಂಡಿಗೆ 'ಮೈನಸ್ ಐ' ಸೇರಿಸಿದೆ. ಐನೋಡ್, ಅಂದರೆ ಪ್ರತಿ ಫೈಲಿನ ವಿವರ ಬರೆದಿಡುವ ದಾಖಲೆ, ಪೂರ್ತಿ ಮುಗಿದಿತ್ತು. ಗೋಡೌನ್ ಖಾಲಿ ಇದೆ, ಬಂದ ಮಾಲನ್ನು ಬರೆದುಕೊಳ್ಳೋಕೆ ಲೆಡ್ಜರ್‌ನಲ್ಲಿ ಸಾಲಿಲ್ಲ. ಹಾಗೆ.

ನಮ್ಮಲ್ಲಿ ಇದ್ದದ್ದು ಮೇಲ್‌ಡಿರ್, ಅಂದರೆ ಒಂದು ಮೇಲ್‌ಗೆ ಒಂದು ಫೈಲ್. ಡ್ಯಾನಿಯಲ್ ಬರ್ನ್‌ಸ್ಟೈನ್ ಕ್ಯೂಮೇಲ್ ಎಂಬ ಮೇಲ್ ಸರ್ವರ್ ಸಾಫ್ಟ್‌ವೇರ್‌ಗಾಗಿ ಮಾಡಿದ ಪದ್ಧತಿ. ಎಲ್ಲ ಮೇಲನ್ನೂ ಒಂದೇ ಫೈಲಿಗೆ ತುಂಬುವ ಹಳೆಯ ಎಂಬಾಕ್ಸ್‌ನ ಹಾಗೆ, ಒಂದು ಪ್ರೋಗ್ರಾಂ ಬರೆಯುವಾಗ ಇನ್ನೊಂದು ಕಾಯಬೇಕಾದ ಲಾಕ್ ಕಾಟ ಇಲ್ಲ, ಅದಕ್ಕೇ ನನಗಿಷ್ಟ. ಆದರೆ ಪ್ರತಿ ಫೈಲೂ ಒಂದು ಐನೋಡ್ ತಿನ್ನುತ್ತದೆ. ಡಿಸ್ಕ್‌ನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ಲಿನಕ್ಸ್ ವ್ಯವಸ್ಥೆ ಇಎಕ್ಸ್‌ಟಿ4 ಸಾಮಾನ್ಯವಾಗಿ 16 ಕೆಬಿಗೆ ಒಂದು ಐನೋಡ್ ಇಡುತ್ತದೆ. 1 ಟಿಬಿಗೆ ಸುಮಾರು 6.7 ಕೋಟಿ. ಫಾರ್ಮ್ಯಾಟ್ ಮಾಡುವಾಗಲೇ ನಿಗದಿಯಾಗುವ ಲೆಕ್ಕ, ಆಮೇಲೆ ಆ ಡಿಸ್ಕ್‌ನಲ್ಲಿ ಹೆಚ್ಚಿಸೋಕೆ ಆಗಲ್ಲ.

ಪ್ರಾಜೆಕ್ಟ್ ಪಿಡಿಎಫ್‌ಗಳೇ ಕಾರಣ ಅಂತ ನಾನು ಎಲ್ಲರನ್ನೂ ಬೈಯುತ್ತಿದ್ದೆ. ನಿಜವಾದ ಕಳ್ಳ ಹಾಜರಾತಿ ಸಾಫ್ಟ್‌ವೇರ್! ಪ್ರತಿ ಪೀರಿಯಡ್ ಮುಗಿದ ಮೇಲೆ ಪ್ರತಿ ವಿದ್ಯಾರ್ಥಿಗೂ ಒಂದು ಪುಟ್ಟ ಮೇಲ್. ದಿನಕ್ಕೆ ಆರು ಪೀರಿಯಡ್, ಅಂದರೆ 48 ಸಾವಿರ ಫೈಲ್. ವರ್ಷಕ್ಕೆ 200 ದಿನ ಕ್ಲಾಸ್ ಅಂದರೂ 96 ಲಕ್ಷ. ನಾಲ್ಕು ವರ್ಷದಿಂದ ಹೀಗೇ ನಡೆದಿತ್ತು. ಅಳಿಸೋರು ಯಾರು? 2004ರಲ್ಲಿ ಜಿಮೇಲ್ 1 ಜಿಬಿ ಕೊಟ್ಟಾಗಿನಿಂದ ಮೇಲ್ ಅಳಿಸೋ ಅಭ್ಯಾಸವೇ ಜನರಿಗೆ ಹೋಗಿದೆ.

ತಿಂಗಳಿಗಿಂತ ಹಳೆಯ ಹಾಜರಾತಿ ಮೇಲ್‌ಗಳನ್ನು ಅಳಿಸತೊಡಗಿದೆ. ಹೊಸ ಮೇಲ್ ಬೇಗ ಬರತೊಡಗಿತು, ಆದರೆ ಅಳಿಸುವ ಕೆಲಸ ಮುಗಿಯಲು ನಾಲ್ಕು ದಿನ ಬೇಕಾಯಿತು. ತಿರುಗುವ ಡಿಸ್ಕ್ ಅಲ್ವಾ, ಸೆಕೆಂಡಿಗೆ ನೂರು ಕಡೆ ಓಡಾಡಿದರೆ ಅದೇ ಜಾಸ್ತಿ.

ರಜೆಯಲ್ಲಿ ಎಲ್ಲವನ್ನೂ ಡವ್‌ಕಾಟ್ ಎಂಬ ಮೇಲ್ ಸರ್ವರ್ ಸಾಫ್ಟ್‌ವೇರ್‌ನ ಎಂಡಿಬಾಕ್ಸ್ ಪದ್ಧತಿಗೆ ಬದಲಿಸಿದೆ. ಅದರಲ್ಲಿ ಹಲವು ಮೇಲ್ ಒಂದೇ ಫೈಲಿನಲ್ಲಿ ಕೂರುತ್ತವೆ. ರಾತ್ರಿಯಿಡೀ ಓಡುತ್ತಿದ್ದ ಬ್ಯಾಕಪ್ ಊಟದ ಹೊತ್ತಿಗೇ ಮುಗಿಯತೊಡಗಿತು. ಆದರೆ ಇದರಲ್ಲೂ ಒಂದು ಕಿರಿಕಿರಿ ಇದೆ. ರಾತ್ರಿ 'ಪರ್ಜ್' ಎಂಬ ಗುಡಿಸುವ ಕಮ್ಯಾಂಡ್ ಓಡಿಸದಿದ್ದರೆ ಅಳಿಸಿದ ಮೇಲ್ ಡಿಸ್ಕ್‌ನಲ್ಲೇ ಉಳಿದಿರುತ್ತದೆ. ಮೇಲ್‌ಗಳ ಪಟ್ಟಿ ಇಡುವ ಇಂಡೆಕ್ಸ್ ಫೈಲ್ ಕೆಟ್ಟರಂತೂ ಯಾವುದು ಓದಿದ್ದು, ಯಾವುದು ಓದದ್ದು ಎಂಬ ಗುರುತೂ ಹೋಗುತ್ತದೆ. 

ದಿನಕ್ಕೊಂದೇ ಹಾಜರಾತಿ ಮೇಲ್ ಕಳಿಸಿ ಅಂತ ಆಫೀಸಿನಲ್ಲಿ ಕೇಳಿದೆ. "ಆ ಆಪ್ಷನ್ ಇಲ್ಲ ಸಾರ್" ಎಂದರು. ಸರಿ, ಸುಮ್ನೆ 'ಸೀವ್' ಅನ್ನೋ ಮೇಲ್ ವಿಂಗಡಿಸುವ ಭಾಷೆಯಲ್ಲಿ ಒಂದು ರೂಲ್ ಬರೆದು ಹಾಜರಾತಿ ಮೇಲ್‌ಗಳನ್ನೆಲ್ಲ ಬೇರೆ ಫೋಲ್ಡರಿಗೆ ತಳ್ಳಿದೆ, ಹದಿನೈದು ದಿನಕ್ಕೆ ತಾನಾಗಿ ಅಳಿಯುವ ಹಾಗೆ. ಆ ಮೇಲ್ ಎಲ್ಲಿ ಹೋಯಿತು ಅಂತ ಒಬ್ಬ ವಿದ್ಯಾರ್ಥಿಯೂ ಕೇಳಲಿಲ್ಲ.