ಹೇಗೆ ಹೊಳೆಯುತ್ತೆ ಅಂತ ಕೇಳುವವರಿಗೆ

ರಿಪೇರಿಗೆ ಏನಾದರೂ ತಂದವರು ಎದುರಿಗೆ ಕೂತು ನೋಡುತ್ತಾ ಕೇಳುತ್ತಾರೆ: "ಇಲ್ಲೇ ಕೆಟ್ಟಿದೆ ಅಂತ ಹೇಗೆ ಹೊಳೀತು ಸಾರ್? ಯಾವ ಟೂಲ್ ಇಟ್ಕೊಂಡಿದ್ದೀರಿ?" ನಿಜ ಹೇಳಬೇಕಂದ್ರೆ ಏನೂ ಹೊಳೆಯುವುದಿಲ್ಲ. ಹುಡುಕಬೇಕಾದ ಜಾಗವನ್ನು ಚಿಕ್ಕದು ಮಾಡುತ್ತಾ ಹೋಗುತ್ತೇನೆ, ಅಷ್ಟೇ.

ಗಣಪತಿ ಹಬ್ಬಕ್ಕೆ ಕಟ್ಟುವ ಹಳೇ ಸೀರಿಯಲ್ ಸೆಟ್ ನೋಡಿ. 6 ವೋಲ್ಟಿನ ಸಣ್ಣ ಬಲ್ಬುಗಳು, ಸುಮಾರು 40, ಹೂವಿನ ಸರದಂತೆ ಒಂದರ ಹಿಂದೆ ಒಂದು. 230 ವೋಲ್ಟನ್ನು ಎಲ್ಲವೂ ಹಂಚಿಕೊಳ್ಳುತ್ತವೆ. ಒಂದು ಸುಟ್ಟರೆ ಸರವೆಲ್ಲ ಕತ್ತಲೆ. ಜಾಸ್ತಿ ಜನ ಮೊದಲ ಬಲ್ಬಿನಿಂದ ಶುರು ಮಾಡಿ ಒಂದೊಂದೇ ನೋಡುತ್ತಾರೆ. ನಾನು ನಟ್ಟನಡುವೆ, 20ನೇ ಬಲ್ಬಿನ ಕಾಲಿಗೆ ಟೆಸ್ಟರ್ ಇಡುತ್ತೇನೆ. ಹೊತ್ತಿತಾ? ಹಾಗಾದ್ರೆ ಅಲ್ಲಿವರೆಗೆ ಫೇಸ್, ಅಂದರೆ ಕರೆಂಟ್ ಇರುವ ಕಡೆ, ಬಂದಿದೆ, ತಪ್ಪು ಉಳಿದ ಅರ್ಧದಲ್ಲಿದೆ. ಆ ಅರ್ಧಕ್ಕೆ ಮತ್ತೆ ಅರ್ಧ. ಹೆಚ್ಚೆಂದರೆ 6 ಸಲಕ್ಕೆ ಕಳ್ಳ ಸಿಗುತ್ತಾನೆ. ಎರಡು ಪಿನ್ನಿನ ಪ್ಲಗ್ ತಿರುಗಿಸಿ ಹಾಕಿದ್ದರೆ ಮಾತ್ರ ಲೆಕ್ಕ ಉಲ್ಟಾ ಆಗುತ್ತೆ. ಅದಕ್ಕೇ ಮೊದಲು ಫೇಸ್ ಯಾವ ತುದಿಯಲ್ಲಿದೆ ಅಂತ ನೋಡಿಕೊಳ್ಳುತ್ತೇನೆ. ಇದು ಕರೆಂಟ್ ಇರುವಾಗಲೇ ಮಾಡುವ ಕೆಲಸ, ಅಭ್ಯಾಸ ಇಲ್ಲದವರು ಕೈ ಹಾಕಬೇಡಿ. ಪ್ಲಗ್ ಕಿತ್ತು, ಮಲ್ಟಿಮೀಟರನ್ನು ತಡೆ ಅಳೆಯುವ ಓಮ್ಸ್‌ಗೆ ಇಟ್ಟೂ ಇದೇ ಆಟ ಆಡಬಹುದು.

ಸಾಫ್ಟ್‌ವೇರಿನಲ್ಲಿರುವ ಗೆಳೆಯನಿಗೆ ಇದನ್ನು ಹೇಳಿದಾಗ ನಕ್ಕ. 2005ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಶುರು ಮಾಡಿದ, ಪ್ರೋಗ್ರಾಮಿನ ಬದಲಾವಣೆಗಳನ್ನೆಲ್ಲ ದಾಖಲಿಸಿಡುವ ಗಿಟ್‌ನಲ್ಲಿ ಹೀಗೇ ಅರ್ಧರ್ಧ ಮಾಡಿ ಹುಡುಕುವ ಬೈಸೆಕ್ಟ್ ಅನ್ನುವ ಕಮಾಂಡೇ ಇದೆಯಂತೆ. 1000 ಬದಲಾವಣೆಗಳಲ್ಲಿ ಕೆಟ್ಟದ್ದು ಯಾವುದು ಅಂತ 10 ಸಲಕ್ಕೆ ಸಿಕ್ಕಿಬಿಡುತ್ತೆ. ನಮ್ಮ ಸೀರಿಯಲ್ ಸೆಟ್ಟೇ!

ಇನ್ನು ಟೂಲ್ ಅಂತ ಒಂದನ್ನೇ ಹೇಳಿ ಅಂದರೆ, ನನ್ನದು ಸೀರೀಸ್ ಬಲ್ಬ್. ಹಲಗೆಯ ಮೇಲೆ ಒಂದು ಹೋಲ್ಡರ್, ಒಂದು ಸಾಕೆಟ್, 100 ವ್ಯಾಟಿನ ಹಳೇ ತಂತಿ ಬಲ್ಬ್. ಅನುಮಾನ ಇರುವ ಸಾಮಾನಿಗೆ ಕರೆಂಟ್ ಈ ಬಲ್ಬಿನ ಮೂಲಕವೇ ಹೋಗುತ್ತೆ. ಒಳಗೆ ಶಾರ್ಟ್ ಇದ್ದರೆ ಬಲ್ಬ್ ಪೂರ್ತಿ ಉರಿಯುತ್ತೆ, ಆದರೆ ಅರ್ಧ ಆಂಪಿಯರ್ ಕೂಡ ಬಿಡುವುದಿಲ್ಲ. ಬೋರ್ಡ್ ಸುಡದೆ ಉಳಿಯುತ್ತೆ. ಟಿವಿಯೊಳಗಿನ ಪವರ್ ಸಪ್ಲೈ ಸರಿ ಇದ್ದರೆ ಬಲ್ಬ್ ಒಮ್ಮೆ ಮಿಂಚಿ ಮಂಕಾಗುತ್ತೆ. ಗುಟ್ಟಿರುವುದು ಟಂಗ್‌ಸ್ಟನ್ ತಂತಿಯಲ್ಲಿ. ತಣ್ಣಗಿದ್ದಾಗ ಅದರ ತಡೆ 40 ಓಮ್ ಸುತ್ತಮುತ್ತ, ಕಾದು ಉರಿಯುವಾಗ 500ಕ್ಕೂ ಮೇಲೆ. ಅಂದರೆ ತಾನೇ ನೋಡಿಕೊಂಡು ಬ್ರೇಕ್ ಹಾಕುವ ಬಲ್ಬ್. ಎಲ್‌ಇಡಿ ಹಾಕಿದರೆ ಇದು ನಡೆಯಲ್ಲ. ತಂತಿ ಬಲ್ಬ್ ಸಿಕ್ಕಿದಲ್ಲಿ ನಾನು ಎರಡು ಜಾಸ್ತಿಯೇ ಕೊಂಡಿಡುತ್ತೇನೆ.

ಬಿಚ್ಚುವ ಮೊದಲು ಮೊಬೈಲಿನಲ್ಲಿ ಫೋಟೋ. ಇದು ಎಲ್ಲರಿಗೂ ಗೊತ್ತು.

ಒಂದು ಸಲಕ್ಕೆ ಒಂದೇ ಬದಲಾವಣೆ. ಇದೂ ಗೊತ್ತಿತ್ತು, ಆದರೂ ಒಮ್ಮೆ ಅವಸರದಲ್ಲಿ ಇನ್ವರ್ಟರ್ ಬೋರ್ಡಿನ ಕೆಪಾಸಿಟರನ್ನೂ ರಿಲೇಯನ್ನೂ ಒಟ್ಟಿಗೆ ಬದಲಾಯಿಸಿದೆ. ಸರಿಹೋಯಿತು. ತಿಂಗಳಿಗೆ ವಾಪಸ್ ಬಂತು. ಆವತ್ತು ಯಾವುದರಿಂದ ಸರಿಹೋಗಿತ್ತು ಅಂತ ನನಗೇ ಗೊತ್ತಿರಲಿಲ್ಲ. ದುಡ್ಡು ವಾಪಸ್ ಕೊಟ್ಟೆ.

ಎಲ್ಲ ಮುಗಿದು ತಲೆ ಓಡದಿದ್ದಾಗ ಮನೆಗೆ ಬಂದು ಅಮ್ಮನಿಗೆ ಹೇಳುತ್ತೇನೆ. ಅಮ್ಮನಿಗೆ ಕೆಪಾಸಿಟರ್ ಅಂದರೆ ಫ್ಯಾನಿನೊಳಗಿನ ಡಬ್ಬಿ. ಅವಳಿಗೆ ತಿಳಿಯುವಂತೆ ಹೇಳಬೇಕಾದರೆ ಮೊದಲಿನಿಂದ, ಏನನ್ನೂ ಬಿಡದೆ ಹೇಳಬೇಕು. ಒಂದು ಸ್ಟೆಬಿಲೈಜರ್ ಎರಡು ದಿನ ಕಾಡಿಸಿತ್ತು. "ನೋಡಮ್ಮಾ, ಗೋಡೆಯಿಂದ ಕರೆಂಟ್ ವಯರಿಗೆ ಬರುತ್ತೆ, ವಯರಿಂದ ಒಳಗೆ..." ಅಂದವನು ಅಲ್ಲೇ ನಿಂತೆ. ಒಳಗೆ ಬರುತ್ತೆ ಅಂತ ಯಾರು ನೋಡಿದ್ದರು? ವಯರು ಹೊಸದಾಗಿ ಕಾಣುತ್ತಿತ್ತು, ಸುಮ್ನೆ ನಂಬಿದ್ದೆ. ಹೋಗಿ ನೋಡಿದರೆ ಪ್ಲಗ್ಗಿನ ಕುತ್ತಿಗೆಯ ಹತ್ತಿರ ಒಳಗೇ ತುಂಡಾಗಿತ್ತು.

ಅಮ್ಮ ಏನೂ ಕೇಳಿರಲಿಲ್ಲ. ಅವರೆಕಾಯಿ ಬಿಡಿಸುತ್ತಿದ್ದಳು.