ಬಾಳೆಹಣ್ಣಿನ ನೊಣ ಸಾಕಿ ಏನು ಸಿಗುತ್ತದೆ?

ಜೀವಶಾಸ್ತ್ರದ ಸಂಶೋಧನೆ ಎಂದರೆ ಜನರ ಮನಸ್ಸಿಗೆ ಬರುವುದು ಕ್ಯಾನ್ಸರ್, ಲಸಿಕೆ, ಹೊಸ ಭತ್ತದ ತಳಿ. ಲ್ಯಾಬಿಗೆ ಬಂದು ನೋಡಿದರೆ ಸಾಲುಸಾಲು ಬಾಟಲಿ, ಒಳಗೆ ಎರಡು-ಮೂರು ಮಿಲಿಮೀಟರ್ ಉದ್ದದ ನೊಣ. ‘ಇಷ್ಟೆಲ್ಲ ಕಾಯಿಲೆ ಇರುವಾಗ ಇದನ್ನು ಸಾಕಿ ಏನು ಸಿಗುತ್ತದೆ?’ ಎಂದು ಕೇಳದೆ ಹೋದವರು ಕಡಿಮೆ. ಪಿಯುಸಿ ಮಕ್ಕಳ ತಂದೆತಾಯಿ ಕೇಳುತ್ತಾರೆ, ಬೇರೆ ವಿಭಾಗದ ಮೇಷ್ಟ್ರುಗಳೂ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಭ್ರೂಣದ ಬೆಳವಣಿಗೆ, ಸೋಂಕಿನ ವಿರುದ್ಧದ ರಕ್ಷಣೆ, ನಿದ್ದೆ, ವಿಕಾಸ, ಡೆಂಗಿ ಇವೆಲ್ಲ ಬೇರೆ ಬೇರೆ ಇಲಾಖೆಗಳ ಹಾಗೆ ಕಾಣುತ್ತವೆ. ಈ ನೊಣದ ಬಾಟಲಿಯಲ್ಲಿ ಅವು ಒಂದರ ಕೆಲಸ ಇನ್ನೊಂದಕ್ಕೆ ಒದಗುವಷ್ಟು ಹತ್ತಿರ ಬಂದಿವೆ. ನನ್ನ ಉತ್ತರ ಇಷ್ಟೇ, ಆದರೆ ಉದಾಹರಣೆ ಕೊಡದೆ ಇದನ್ನು ಯಾರೂ ನಂಬುವುದಿಲ್ಲ.

ಮೊದಲು ಒಂದು ಗೊಂದಲ ಬಗೆಹರಿಸಿಕೊಳ್ಳೋಣ. ಮಾವಿನಕಾಯಿಗೆ ಚುಚ್ಚಿ ಮೊಟ್ಟೆ ಇಟ್ಟು ಬೆಳೆ ಹಾಳುಮಾಡುವ ಹಣ್ಣುನೊಣ ಬ್ಯಾಕ್ಟ್ರೊಸೆರಾ. ಅದರ ಕುಟುಂಬವೇ ಬೇರೆ. ಇಲ್ಲಿ ಹೇಳುತ್ತಿರುವುದು ಡ್ರೊಸೊಫಿಲಾ. ಕಳಿತ ಹಣ್ಣಿನ ಮೇಲೆ ಬೆಳೆಯುವ ಯೀಸ್ಟ್ ಇದರ ಮುಖ್ಯ ಆಹಾರ. ಲ್ಯಾಬುಗಳಲ್ಲಿ ಹೆಚ್ಚಾಗಿ ಸಾಕುವ ಡ್ರೊಸೊಫಿಲಾ ಮೆಲನೊಗ್ಯಾಸ್ಟರ್ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೊಟ್ಟೆಯಿಂದ ನೊಣವಾಗಲು ಸುಮಾರು 10 ದಿನ ಸಾಕು. ಕ್ರೋಮೊಸೋಮು ನಾಲ್ಕೇ ಜೊತೆ. ಮನುಷ್ಯರಲ್ಲಿ ಕಾಯಿಲೆಗೆ ಸಂಬಂಧಿಸಿದ ಜೀನುಗಳಲ್ಲಿ ಮುಕ್ಕಾಲು ಪಾಲಿಗೆ ಈ ನೊಣದಲ್ಲಿ ಹೋಲುವ ಜೀನು ಸಿಗುತ್ತದೆ.

1910ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಥಾಮಸ್ ಹಂಟ್ ಮಾರ್ಗನ್ ಕೆಂಪು ಕಣ್ಣಿನ ನೊಣಗಳ ನಡುವೆ ಬಿಳಿ ಕಣ್ಣಿನ ಒಂದು ಗಂಡನ್ನು ಗುರುತಿಸಿದರು. ಜೀನುಗಳು ಕ್ರೋಮೊಸೋಮಿನ ಮೇಲಿವೆ ಎಂಬುದು ಗಟ್ಟಿಯಾದದ್ದು ಅಲ್ಲಿಂದ. ಅದನ್ನು ಎಲ್ಲ ಪಠ್ಯಪುಸ್ತಕಗಳೂ ಹೇಳುತ್ತವೆ, ನಾನು ಬೆಳೆಸುವುದಿಲ್ಲ. ನನಗೆ ಹೆಚ್ಚು ಮುಖ್ಯವೆನಿಸುವುದು ಟೋಲ್ ಎಂಬ ಜೀನಿನ ಕಥೆ. ಕ್ರಿಸ್ಟಿಯಾನೆ ನ್ಯೂಸ್ಲೈನ್-ಫೋಲ್ಹಾರ್ಡ್ ಮತ್ತು ಎರಿಕ್ ವೀಶೌಸ್ ಜರ್ಮನಿಯಲ್ಲಿ ಸಾವಿರಾರು ತಳಿಗಳ ಭ್ರೂಣಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ದೇಹದ ವಿನ್ಯಾಸ ಕೆಡಿಸುವ ಜೀನುಗಳನ್ನು ಹುಡುಕಿದರು. ಭ್ರೂಣದ ಬೆನ್ನು ಯಾವ ಕಡೆ, ಹೊಟ್ಟೆ ಯಾವ ಕಡೆ ಎಂದು ನಿರ್ಧರಿಸುವ ಜೀನುಗಳಲ್ಲಿ ಟೋಲ್ ಒಂದು ಎಂದು ಹೀಗೆ ನಡೆದ ಹುಡುಕಾಟಗಳಿಂದ ತಿಳಿಯಿತು. 1996ರಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಜೂಲ್ಸ್ ಹಾಫ್‌ಮನ್ ತಂಡ ಅದೇ ಜೀನು ಕೆಟ್ಟ ನೊಣಗಳಿಗೆ ಆಸ್ಪರ್ಜಿಲ್ಲಸ್ ಬೂಸ್ಟು ತಗುಲಿಸಿತು. ನೊಣಗಳು ಸತ್ತವು, ಮೈಮೇಲೆ ಬೂಸ್ಟು ಬೆಳೆಯಿತು. ಭ್ರೂಣದಲ್ಲಿ ಬೆನ್ನು-ಹೊಟ್ಟೆ ಗುರುತಿಸುವ ಜೀನೇ ಬೆಳೆದ ನೊಣದಲ್ಲಿ ಬೂಸ್ಟನ್ನು ತಡೆಯುತ್ತಿತ್ತು. ಮುಂದೆ ಮನುಷ್ಯರಲ್ಲೂ ಇಲಿಯಲ್ಲೂ ಅದರ ಬಂಧುಗಳು ಸಿಕ್ಕವು. ಬ್ಯಾಕ್ಟೀರಿಯಾ ಒಳಹೊಕ್ಕಾಗ ನಮ್ಮ ದೇಹ ಮೊದಲ ಎಚ್ಚರಿಕೆ ಪಡೆಯುವುದು ಇವುಗಳಿಂದಲೇ. ಈ ಸಾಲಿನ ಕೆಲಸಕ್ಕೆ 1995ರಲ್ಲಿ ಒಂದು ನೊಬೆಲ್, 2011ರಲ್ಲಿ ಇನ್ನೊಂದು ಬಂತು. ಲಸಿಕೆ ತಯಾರಿಸುವವರು ಇಂದು ಟೋಲ್‌ನ ಈ ಬಂಧುಗಳನ್ನು, ಅಂದರೆ ಸೋಂಕು ಗುರುತಿಸುವ ಗ್ರಾಹಿಗಳನ್ನು, ಕೆರಳಿಸುವ ವಸ್ತುಗಳನ್ನು ಬಳಸುತ್ತಾರೆ. ಲಸಿಕೆ ಮಾಡಬೇಕೆಂದು ಹೊರಟವರು ಯಾರೂ ಭ್ರೂಣದ ಬೆನ್ನು-ಹೊಟ್ಟೆಯಿಂದ ಆರಂಭಿಸುತ್ತಿರಲಿಲ್ಲ.

ನಿದ್ದೆಯ ವಿಷಯಕ್ಕೆ ಬಂದರೆ, 1971ರಲ್ಲಿ ರೊನಾಲ್ಡ್ ಕೊನೊಪ್ಕಾ ಮತ್ತು ಸೀಮರ್ ಬೆಂಜರ್ ಮೂರು ಬಗೆಯ ನೊಣಗಳನ್ನು ವರದಿ ಮಾಡಿದರು. ಮೈಯೊಳಗಿನ ಗಡಿಯಾರದ ಪ್ರಕಾರ ಒಂದರ ದಿನ ಸುಮಾರು 19 ಗಂಟೆ, ಇನ್ನೊಂದರದು 28, ಮೂರನೆಯದಕ್ಕೆ ಹೊತ್ತುಗೊತ್ತೇ ಇಲ್ಲ. ಮೂರೂ ದೋಷಗಳಿದ್ದದ್ದು ಒಂದೇ ಜೀನಿನಲ್ಲಿ. ಅದು ಪೀರಿಯಡ್ ಜೀನು. ಅದರ ಜಾಡು ಹಿಡಿದು ಹೋದವರಿಗೆ 2017ರ ನೊಬೆಲ್. ಸಂಜೆಯೇ ನಿದ್ದೆ ಬಂದು ನಸುಕಿಗೂ ಮೊದಲೇ ಎಚ್ಚರವಾಗುವ ಕೆಲವು ಕುಟುಂಬಗಳಲ್ಲಿ ಇದೇ ಜೀನಿನ ಮಾನವ ರೂಪ ಬದಲಾಗಿರುವುದು ಗೊತ್ತಾಗಿದೆ.

ಡೆಂಗಿ ಮಾತು ಇನ್ನೂ ಹತ್ತಿರದ್ದು. ವೊಲ್ಬಾಕಿಯಾ ಎಂಬ ಬ್ಯಾಕ್ಟೀರಿಯಾ ಬಹಳಷ್ಟು ಲ್ಯಾಬ್ ನೊಣಗಳ ಜೀವಕೋಶದೊಳಗೇ ಬದುಕುತ್ತದೆ, ತಾಯಿಯಿಂದ ಮೊಟ್ಟೆಗೆ ಸಾಗುತ್ತದೆ. ಇದಿರುವ ನೊಣಗಳಿಗೆ ಕೆಲವು ವೈರಸ್‌ಗಳ ಸೋಂಕು ಅಷ್ಟು ಬಾಧಿಸುವುದಿಲ್ಲ ಎಂದು 2008ರಲ್ಲಿ ಎರಡು ತಂಡಗಳು ಬೇರೆ ಬೇರೆಯಾಗಿ ಕಂಡವು. ಮೆಲನೊಗ್ಯಾಸ್ಟರ್ ನೊಣದ ವೊಲ್ಬಾಕಿಯಾ ತಳಿಯನ್ನು ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಸೇರಿಸಿದಾಗ ಸೊಳ್ಳೆಯೊಳಗೆ ಡೆಂಗಿ ವೈರಸ್ ಬೆಳೆಯುವುದು ಕುಂಠಿತವಾಯಿತು. ಇಂಡೊನೇಷ್ಯಾದ ಯೋಗ್ಯಕರ್ತಾ ನಗರದಲ್ಲಿ ಅಂಥ ಸೊಳ್ಳೆ ಬಿಟ್ಟ ಪ್ರದೇಶಗಳಲ್ಲಿ ಡೆಂಗಿ 77 ಶೇಕಡಾ ಕಡಿಮೆ ಇತ್ತೆಂದು 2021ರಲ್ಲಿ ಪ್ರಕಟವಾಯಿತು. ಪುದುಚೇರಿಯಲ್ಲಿರುವ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಸಂಸ್ಥೆಯೂ ಇಂಥ ಈಡಿಸ್ ತಳಿಗಳನ್ನು ಸಿದ್ಧಪಡಿಸಿದೆ.

ಕರ್ನಾಟಕಕ್ಕೂ ಈ ನೊಣಕ್ಕೂ ನಂಟು ಹಳೆಯದು. ಮೈಸೂರಿನ ಮಾನಸಗಂಗೋತ್ರಿಯ ಪ್ರಾಣಿಶಾಸ್ತ್ರ ವಿಭಾಗದಲ್ಲಿ ನೊಣದ ತಳಿಗಳನ್ನು ಕಾಪಾಡಿಡುವ ಡ್ರೊಸೊಫಿಲಾ ಸ್ಟಾಕ್ ಸೆಂಟರ್ ಇದೆ. ಡ್ರೊಸೊಫಿಲಾದಲ್ಲೇ ಎಂಟು ಕ್ರೋಮೊಸೋಮಿನ ನಸೂಟಾ ಮತ್ತು ಆರು ಕ್ರೋಮೊಸೋಮಿನ ಆಲ್ಬೊಮಿಕನ್ಸ್ ನೊಣಗಳನ್ನು ಕೂಡಿಸಿ, ಅವುಗಳ ಸಂತತಿಯನ್ನು ತಲೆಮಾರುಗಟ್ಟಲೆ ಬೆಳೆಸಿ, ಹೊಸ ಕ್ರೋಮೊಸೋಮ್ ಜೋಡಣೆಯ ‘ಸೈಟೊರೇಸ್’ಗಳು ನೆಲೆಯೂರುವುದನ್ನು ಎಚ್. ಎ. ರಂಗನಾಥ್ ಮತ್ತು ಸಂಗಡಿಗರು ಅಲ್ಲಿ ತೋರಿಸಿದರು. ಹೊಸ ಪ್ರಭೇದ ಹೇಗೆ ಆರಂಭವಾಗಬಹುದು ಎಂಬ ಪ್ರಶ್ನೆಗೆ ಕಣ್ಣೆದುರಿನ ಸಾಮಗ್ರಿ ಇದು. ನಮ್ಮಲ್ಲಿ ಇದಕ್ಕೆ ಸಿಗಬೇಕಾದಷ್ಟು ಪ್ರಚಾರ ಸಿಕ್ಕಿಲ್ಲ. ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಎನ್‌ಸಿಬಿಎಸ್ ಕಟ್ಟಿದ ಒಬೈದ್ ಸಿದ್ದಿಕಿ, ನೊಣ ವಾಸನೆ-ರುಚಿಗಳನ್ನು ಗ್ರಹಿಸುವ ಬಗೆಯ ಅಧ್ಯಯನ ಮಾಡಿದವರು. ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದಲ್ಲಿ ನೂರಾರು ತಲೆಮಾರು ಆಯ್ಕೆಗೊಳಪಟ್ಟ ನೊಣಗಳಿಂದ ವಿಕಾಸದ ಲೆಕ್ಕ ನಡೆದಿದೆ. ಹೊರದೇಶಗಳಲ್ಲಿ ನಡೆದ ಕೆಲಸದಿಂದ 2024ರಲ್ಲಿ ಮೆಲನೊಗ್ಯಾಸ್ಟರ್ ನೊಣದ ಇಡೀ ಮಿದುಳಿನ ಸುಮಾರು 1,39,000 ನರಕೋಶಗಳ ಸಂಪರ್ಕ ನಕ್ಷೆಯೂ ಪ್ರಕಟವಾಯಿತು.

ಇಷ್ಟು ವಿಸ್ತಾರವೆಲ್ಲ ನಿಂತಿರುವುದು ಬಾಟಲಿಯನ್ನು ಸರಿಯಾಗಿ ನೋಡಿಕೊಳ್ಳುವುದರ ಮೇಲೆ. ಮೈಸೂರಿನಲ್ಲಿ ರೂಢಿಯಲ್ಲಿರುವ ಮೀಡಿಯಾ, ಅಂದರೆ ನೊಣದ ಆಹಾರ, ಸರಳ: ಒಂದು ಲೀಟರ್ ನೀರು, 100 ಗ್ರಾಂ ಗೋಧಿ ರವೆ, 100 ಗ್ರಾಂ ಬೆಲ್ಲ, ಆಹಾರವನ್ನು ಗಟ್ಟಿಯಾಗಿಸಲು 8ರಿಂದ 10 ಗ್ರಾಂ ಅಗರ್, ಬೂಸ್ಟು ತಡೆಯಲು 7.5 ಮಿಲಿಲೀಟರ್ ಪ್ರೊಪಿಯಾನಿಕ್ ಆಮ್ಲ. ಗಂಟಾಗದಂತೆ ಕುದಿಸಿ, ಇಳಿಸಿ, ಸುಮಾರು 60 ಡಿಗ್ರಿಗೆ ಬಂದ ಮೇಲೆ ಆಮ್ಲ ಹಾಕಬೇಕು. ಕುದಿಯುವಾಗಲೇ ಹಾಕಿದರೆ ಆಮ್ಲ ಆವಿಯಾಗಿ ಬೂಸ್ಟು ಬರುತ್ತದೆ, ಅಗರ್ ಕೂಡ ಸರಿಯಾಗಿ ಗಟ್ಟಿಯಾಗುವುದಿಲ್ಲ. ಬಿಸಿ ಇರುವಾಗಲೇ ಹತ್ತಿ ಮುಚ್ಚಿದರೆ ಗಾಜಿನೊಳಗೆ ನೀರು ಇಳಿದು ನೊಣ ಅಂಟಿ ಸಾಯುತ್ತವೆ; ತಣಿಯುವವರೆಗೆ ತೆಳು ಬಟ್ಟೆ ಹೊದಿಸಿಡಿ. ಬೆಲ್ಲ ಒಂದು ಅಚ್ಚಿನಿಂದ ಇನ್ನೊಂದಕ್ಕೆ ಬದಲಾಗುತ್ತದೆ. ಆಯುಷ್ಯ ಅಥವಾ ಬೆಳವಣಿಗೆಯ ವೇಗ ಅಳೆಯುವ ಪ್ರಯೋಗವಾದರೆ ಇಡೀ ಪ್ರಯೋಗಕ್ಕಾಗುವಷ್ಟು ಬೆಲ್ಲ ಒಮ್ಮೆಗೇ ತಂದಿಡಬೇಕು. ಮೊಟ್ಟೆಗಳನ್ನೂ ಎಣಿಸಿ ಹಾಕಿ: 6 ಮಿಲಿಲೀಟರ್ ಆಹಾರಕ್ಕೆ 60ರಿಂದ 80. ಹೆಚ್ಚು ತುಂಬಿದರೆ ನೊಣ ಚಿಕ್ಕದಾಗುತ್ತದೆ, ತಡವಾಗಿ ಹೊರಬರುತ್ತದೆ. ಅದನ್ನು ಜೀನಿನ ಪರಿಣಾಮವೆಂದು ಬರೆದುಕೊಂಡರೆ ಪ್ರಯೋಗವೇ ಸುಳ್ಳಾಯಿತು.

ಕ್ರಾಸ್ ಮಾಡುವಾಗ, ಅಂದರೆ ಬೇಕಾದ ತಳಿಯ ಗಂಡು-ಹೆಣ್ಣುಗಳನ್ನು ಕೂಡಿಸುವಾಗ, ಹೆಣ್ಣು ಅದಕ್ಕೂ ಮೊದಲು ಯಾವ ಗಂಡಿನೊಡನೆಯೂ ಕೂಡಿರಬಾರದು, ಏಕೆಂದರೆ ಒಮ್ಮೆ ಕೂಡಿದರೆ ವೀರ್ಯವನ್ನು ದಿನಗಟ್ಟಲೆ ಒಳಗೇ ಇಟ್ಟುಕೊಳ್ಳುತ್ತದೆ. 25 ಡಿಗ್ರಿಯಲ್ಲಿ ಕೋಶದಿಂದ ಹೊರಬಂದ 8 ಗಂಟೆಯೊಳಗೆ ಹೆಣ್ಣುಗಳನ್ನು ಬೇರೆ ಮಾಡಿ. ಮಸುಕು ಮೈ, ಹೊಟ್ಟೆಯಲ್ಲಿ ಕಪ್ಪು ಚುಕ್ಕೆ ಕಂಡರೆ ಈಗಷ್ಟೇ ಬಂದದ್ದೆಂದು ಗುರುತು. ಮೂರ್ನಾಲ್ಕು ದಿನ ಗಂಡಿಲ್ಲದೆ ಇಟ್ಟು, ಮೀಡಿಯಾದಲ್ಲಿ ಮರಿಹುಳು ಕಂಡರೆ ಆ ವಯಲ್ (ಚಿಕ್ಕ ಸೀಸೆ) ಪೂರ್ತಿ ಬಿಟ್ಟುಬಿಡಿ. ಮೇಲೆ ಹೇಳಿದ ವೊಲ್ಬಾಕಿಯಾ ಇಲ್ಲೂ ಕಾಡುತ್ತದೆ: ಸೋಂಕಿರುವ ಗಂಡು, ಇಲ್ಲದ ಹೆಣ್ಣು ಕೂಡಿದರೆ ಮೊಟ್ಟೆಗಳು ಒಡೆಯದೆ ಉಳಿಯಬಹುದು. ಪಿಸಿಆರ್ ಎಂಬ ಡಿಎನ್‌ಎ ಪರೀಕ್ಷೆ ಮಾಡಿ ನೋಡಿ, ಬೇಕಾದರೆ ಆಹಾರದಲ್ಲಿ ಟೆಟ್ರಾಸೈಕ್ಲಿನ್ ಎಂಬ ಆ್ಯಂಟಿಬಯೋಟಿಕ್ ಕೊಟ್ಟು ತೆಗೆಯಬಹುದು. ಆ ಔಷಧ ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾವನ್ನೂ ತಟ್ಟುವುದರಿಂದ ಎರಡು ತಲೆಮಾರಾದರೂ ಸಾದಾ ಆಹಾರದಲ್ಲಿ ಬೆಳೆಸಿದ ಮೇಲಷ್ಟೇ ಅಳತೆ.

ನೊಣದಿಂದ ಎಲ್ಲವೂ ತಿಳಿಯುತ್ತದೆಂದು ಹೇಳಲಾರೆ. ಅದಕ್ಕೆ ಆಂಟಿಬಾಡಿ ಇಲ್ಲ, ನಮ್ಮಂಥ ಶ್ವಾಸಕೋಶವಿಲ್ಲ, ರಕ್ತನಾಳಗಳ ಜಾಲವಿಲ್ಲ. ಆ ಪ್ರಶ್ನೆಗಳಿಗೆ ಇಲಿ, ಜೀಬ್ರಾಮೀನು ಅಥವಾ ರೋಗಿಗಳ ಮಾದರಿಯೇ ಬೇಕು.

ಕಾಲೇಜಿನಲ್ಲಿ ಆರಂಭಿಸಬೇಕೆನ್ನುವವರು ದುಬಾರಿ ಯಂತ್ರಕ್ಕೆ ಕಾಯಬೇಡಿ. ಸಿಪ್ಪೆ ಚೆನ್ನಾಗಿ ತೊಳೆದ ಕಳಿತ ಬಾಳೆಹಣ್ಣನ್ನು ಬಾಟಲಿಯಲ್ಲಿಟ್ಟು ತೋಟದ ನೆರಳಲ್ಲಿ ತೂಗುಹಾಕಿ. ಬಂದ ನೊಣಗಳು ಒಂದೇ ಪ್ರಭೇದವೆಂದು ಭಾವಿಸಬೇಡಿ. ಒಂದೊಂದು ಹೆಣ್ಣನ್ನೂ ಬೇರೆ ಬೇರೆ ವಯಲ್‌ಗೆ ಹಾಕಿ. ಬಹುತೇಕ ಅವು ಆಗಲೇ ಕೂಡಿರುವುದರಿಂದ ಮರಿಗಳಾಗುತ್ತವೆ. ಹೆಣ್ಣನ್ನು ನೋಡಿ ಪ್ರಭೇದ ಹೇಳುವುದು ಎಷ್ಟೋ ಸಲ ಆಗದು. ಮರಿಗಳಲ್ಲಿ ಗಂಡು ಬಂದ ಮೇಲೆ ಅದರ ಮುಂಗಾಲಿನಲ್ಲಿ ಬಾಚಣಿಗೆಯಂಥ ಕೂದಲಿದ್ದರೆ ಅದನ್ನೂ ಹೊಟ್ಟೆಯ ತುದಿಯನ್ನೂ ನೋಡಿ ಹೆಸರು ಬರೆಯಿರಿ. ಅಲ್ಲಿಯವರೆಗೆ ವಯಲ್ ಮೇಲೆ ಸ್ಥಳ, ತಾರೀಖು, ಹೆಣ್ಣಿನ ಸಂಖ್ಯೆ ಮಾತ್ರ ಇರಲಿ.